ಇಲ್ಲೇ ಅಂದರೆ ಎಷ್ಟು ಅಡಿ?

ಶ್ರೀನಿವಾಸಪುರದ ಕಡೆ ಯಾರನ್ನಾದರೂ ನಿಲ್ಲಿಸಿ ದಾರಿ ಕೇಳಿ. ಊರು ಒಂದು ಫರ್ಲಾಂಗ್ ಇರಲಿ, ಮೂರು ಮೈಲಿ ಇರಲಿ, ಉತ್ತರ ಒಂದೇ: "ಇಲ್ಲೇ ಸಾರ್, ಹಿಂಗೇ ಹೋಗಿ." ನಡೆಯುವವನಿಗೆ ಇದರಿಂದ ನಷ್ಟವೇನಿಲ್ಲ, ಹೋಗುತ್ತಿದ್ದರೆ ಊರು ಬಂದೇ ಬರುತ್ತದೆ. ಎಸೆಯುವವನ ಪಾಡು ಬೇರೆ. ಕೈಬಿಟ್ಟ ಡಿಸ್ಕು ನಡುದಾರಿಯಲ್ಲಿ ನಿಂತು ಇನ್ನೊಬ್ಬರನ್ನು ಕೇಳುವುದಿಲ್ಲ.

ಡಿಸ್ಕ್ ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಕುಂಟೆಬಿಲ್ಲೆಯ ಬಿಲ್ಲೆ ದೊಡ್ಡದಾಗಿ, ಸುಮಾರು 21 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ತಟ್ಟೆಯಾಯಿತು ಅಂದುಕೊಳ್ಳಿ. ಗಾಲ್ಫಿನ ಕುಳಿ ಇಲ್ಲಿಲ್ಲ. 'ಹೋಲ್' ಎಂಬ ಹೆಸರಷ್ಟೇ ಉಳಿದಿದೆ. ಅದರ ಜಾಗದಲ್ಲಿ ಕಂಬಕ್ಕೆ ಸಿಕ್ಕಿಸಿದ ಕಬ್ಬಿಣದ ಬುಟ್ಟಿ, ಮೇಲಿಂದ ಇಳಿಬಿಟ್ಟ ಸರಪಳಿಗಳು. ಸರಪಳಿಗೆ ಬಡಿದ ಡಿಸ್ಕು ವೇಗ ಕಳೆದುಕೊಂಡು ಬುಟ್ಟಿಗೆ ಬೀಳುತ್ತದೆ. ಅಮೆರಿಕದ ಎಡ್ ಹೆಡ್ರಿಕ್ 1970ರ ದಶಕದಲ್ಲಿ ಇದನ್ನು ರೂಪಿಸಿ ಪೇಟೆಂಟ್ ಪಡೆದ. ನಿಂತು ಎಸೆಯುವ ಕಟ್ಟೆಗೆ ಟೀ ಎನ್ನುತ್ತಾರೆ. ಅದರ ಪಕ್ಕದ ಬೋರ್ಡಿನಲ್ಲಿ ಹೋಲಿನ ನಂಬರು, ದೂರ, ಪಾರ್, ಒಂದು ಪುಟ್ಟ ನಕ್ಷೆ. ಪಾರ್ ಅಂದರೆ ಪಳಗಿದ ಆಟಗಾರ ಎಷ್ಟು ಎಸೆತದಲ್ಲಿ ಬುಟ್ಟಿಗೆ ಹಾಕಬೇಕೆಂಬ ಲೆಕ್ಕ. ಅದು ಬಹುಪಾಲು 3, ಅದಕ್ಕೆ ಜಗಳ ಕಡಿಮೆ. ಜಗಳವೆಲ್ಲ ದೂರದ್ದೇ.

ಇಂಥ ಆಟಕ್ಕೆ ಕೋಲಾರ ಸೀಮೆಯ ಮಾವಿನ ತೋಪಿಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಹಳೆಯ ಪದ್ಧತಿಯ ತೋಟದಲ್ಲಿ ಗಿಡದಿಂದ ಗಿಡಕ್ಕೆ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ. ಗುಂಟೆಗೊಂದು ಮರ, ಎಕರೆಗೆ ನಲವತ್ತು. ಈ ಆಟದಲ್ಲಿ ಬುಟ್ಟಿಯ ಸುತ್ತ 10 ಮೀಟರಿನ ಒಂದು ಸುತ್ತುಗೆರೆ ಉಂಟು. ಅದರೊಳಗಿಂದ ಎಸೆದವನು ಮೈಯ ಸಮತೋಲ ತೋರಿಸದೆ ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ. 10 ಮೀಟರ್ ಅಂದರೆ ಹೆಚ್ಚುಕಡಿಮೆ ಅದೇ 33 ಅಡಿ. ಬುಟ್ಟಿಯನ್ನು ಒಂದು ಮರದ ಬುಡದಲ್ಲಿ ನೆಟ್ಟರೆ ಪಕ್ಕದ ಮರವೇ ಗೆರೆ! ತೋಪು ತಾನಾಗಿಯೇ ಅಳತೆಪಟ್ಟಿ. ಆದರೆ ಎಣಿಸುವಾಗ ಎಚ್ಚರ: ಸಾಲಿನಲ್ಲಿ ಹತ್ತು ಮರ ಇದ್ದರೆ ದೂರ 100 ಮೀಟರ್ ಅಲ್ಲ, 90. ಮರ ಹತ್ತು, ನಡುವಿನ ಸಂದು ಒಂಬತ್ತೇ. ಕಾಯಿ ಇಳಿಯುವ ತಿಂಗಳಲ್ಲಂತೂ ಎಣಿಸಲೂ ಹೋಗಬಾರದು. ಬಾದಾಮಿ ಕಾಯಿಗೆ ಡಿಸ್ಕು ತಗುಲಿದರೆ ತೋಟದವರು ಹೇಳುವ ಲೆಕ್ಕವೇ ಬೇರೆ.

ಅಳತೆ ಟೀ ಕಟ್ಟೆಯ ಮುಂದಿನ ಅಂಚಿನಿಂದ ಶುರುವಾಗಿ ಬುಟ್ಟಿಯ ಕಂಬಕ್ಕೆ ಮುಗಿಯಬೇಕು. ಹಿಂದಿನ ಅಂಚಿನಿಂದ ಹಿಡಿದರೆ ಕಟ್ಟೆಯ ಮೂರು ನಾಲ್ಕು ಮೀಟರ್ ಸುಮ್ಮನೆ ಸೇರಿಕೊಳ್ಳುತ್ತದೆ. ದಾರಿ ನೇರವಾಗಿದ್ದರೆ ಇಷ್ಟೇ ಸಾಕು. ನಡುವೆ ಒಂದು ಹುಣಸೆಮರ ಅಡ್ಡ ನಿಂತು, ಡಿಸ್ಕು ಎಡಕ್ಕೆ ಬಳಸಿಕೊಂಡು ಹೋಗಬೇಕಾಗಿದ್ದರೆ ಕಾಗೆ ಹಾರುವ ದೂರ ಬರೆಯುವುದು ಮೋಸ. ಟೀಯಿಂದ ತಿರುವಿಗೆ 55, ತಿರುವಿನಿಂದ ಬುಟ್ಟಿಗೆ 40, ಒಟ್ಟು 95 ಎಂದು ಬರೆಯಬೇಕು. ಮರದ ಮೂಲಕ ನೇರ ಅಳೆದು 80 ಎಂದು ಬರೆದರೆ, ಓದಿದವನು ಅದಕ್ಕೆ ತಕ್ಕ ಡಿಸ್ಕು ಆರಿಸಿ, ಅದಕ್ಕೆ ತಕ್ಕ ಬಲ ಹಾಕಿ, ತಿರುವು ದಾಟುವಷ್ಟರಲ್ಲಿ ಕೆಳಗೆ ಬೀಳಿಸುತ್ತಾನೆ. ಆಮೇಲೆ ಬೈಸಿಕೊಳ್ಳುವುದು ಮಾತ್ರ ಹುಣಸೆಮರ.

ಸಾಧನಗಳಿಗೂ ಒಂದೊಂದು ಚಾಳಿ. ಅಳತೆ ಚಕ್ರ ತಳ್ಳಿಕೊಂಡು ಹೋಗುವವರನ್ನು ಕಂಡರೆ ಟೈರು ಓಡಿಸುವ ಹುಡುಗರು ನೆನಪಾಗುತ್ತಾರೆ. ಸುತ್ತಳತೆ ಒಂದು ಮೀಟರಿನ ಚಕ್ರಕ್ಕೆ ಅಡ್ಡಗಲ 32 ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. ಒಂದು ಸುತ್ತಿಗೆ ಒಂದು ಮೀಟರ್. ಡಾಂಬರಿನ ಮೇಲೆ ಅದು ಸತ್ಯಹರಿಶ್ಚಂದ್ರ. ಉಕ್ಕೆ ಹೊಡೆದ ಹೊಲಕ್ಕೆ ಇಳಿಸಿದರೆ ಪ್ರತಿ ಸಾಲಿನಲ್ಲೂ ಏರಿ ಇಳಿದು ಇಲ್ಲದ ದೂರ ಸೇರಿಸುತ್ತದೆ. ಒದ್ದೆ ಹುಲ್ಲಿನಲ್ಲಿ ತಿರುಗದೆ ಜಾರಿ ಇದ್ದ ದೂರ ನುಂಗುತ್ತದೆ. 30 ಮೀಟರಿನ ಟೇಪು ಪ್ರಾಮಾಣಿಕ. ಆದರೆ ಎಳೆದ ಕಡೆಯೆಲ್ಲ ಕಾಲ ಹಿಮ್ಮಡಿಯಲ್ಲಿ ಗುರುತು ಮಾಡದೆ ಮೊಳೆ ಚುಚ್ಚಬೇಕು, ಜೋತುಬೀಳದಂತೆ ಬಿಗಿಹಿಡಿಯಬೇಕು. ಲೇಸರ್ ಉಪಕರಣಕ್ಕೆ ಬುಟ್ಟಿ ಯಾವುದು, ಎಲೆ ಯಾವುದು ಗೊತ್ತಾಗುವುದಿಲ್ಲ. ಅಡ್ಡ ಬಂದ ಕೊಂಬೆಗೆ ತಗುಲಿ "22 ಮೀಟರ್" ಎಂದು ಖಚಿತ ದನಿಯಲ್ಲಿ ಹೇಳಿಬಿಡುತ್ತದೆ. ಮೂರು ಸಲ ಹಿಡಿದು, ಹೊಂದುವ ಎರಡನ್ನು ನಂಬುವುದು ಲೇಸು. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ, ದಟ್ಟ ಮರದಡಿ ಇನ್ನೂ ಹೆಚ್ಚು. 50 ಮೀಟರಿನ ಹೋಲಿಗೆ ಅದನ್ನು ನೆಚ್ಚುವ ಬದಲು ಹೆಜ್ಜೆ ಎಣಿಸಬಹುದು.

ಗುಡ್ಡದ ಮಗ್ಗುಲಲ್ಲಿ ಹೋಲ್ ಹಾಕಿದಾಗ ಇನ್ನೊಂದು ತಕರಾರು ಏಳುತ್ತದೆ: ಇಳಿಜಾರಿನ ಗುಂಟ ಅಳೆಯಬೇಕೋ, ಮಟ್ಟಸವಾಗಿಯೋ? ಇದಕ್ಕೆ ಗಂಟಲು ಹರಿದುಕೊಳ್ಳಬೇಕಿಲ್ಲ. ಇಳಿಜಾರಿನ ಗುಂಟ 100 ಮೀಟರಿಗೆ 10 ಮೀಟರ್ ಏರಿದರೂ ಮಟ್ಟಸ ದೂರ 99.5. ವ್ಯತ್ಯಾಸ ಅರ್ಧ ಮೀಟರ್. ಆದರೆ ತೋಳಿಗೆ ಆಗುವ ವ್ಯತ್ಯಾಸ ಅರ್ಧ ಮೀಟರಿನದಲ್ಲ. ಒಂದು ಮೀಟರ್ ಏರಿಗೆ ಮೂರು ಮೀಟರ್ ಕೂಡಿಸಿಕೋ ಎಂಬುದು ಆಟಗಾರರ ಬಾಯಿಲೆಕ್ಕ. ಆ ಪ್ರಕಾರ ಈ 100 ಕೈಗೆ 130 ಆಗುತ್ತದೆ. ಹಾಗೆಂದು ಬೋರ್ಡಿನಲ್ಲಿ 130 ಬರೆಯಬಾರದು. ಅಳೆದದ್ದು 100, ಪಕ್ಕದಲ್ಲಿ 'ಏರು 10' ಎಂದು ಬೇರೆಯಾಗಿ ಬರೆದರೆ ಮಿಕ್ಕದ್ದನ್ನು ಎಸೆಯುವವನು ಕೂಡಿಕೊಳ್ಳುತ್ತಾನೆ. ಅಡಿ, ಮೀಟರ್ ಎರಡೂ ಇರಲಿ. 300 ಅಡಿಗೆ 91 ಮೀಟರ್ ಎಂದರೆ ಸಾಕು, 91.44 ಎಂದು ಬರೆಯುವುದು ಹೂವನ್ನು ಮೊಳ ಹಾಕುವವರ ಮುಂದೆ ಮಿಲಿಮೀಟರ್ ಮಾತಾಡಿದಂತೆ.

ಬೋರ್ಡಿಗೆ ಎಲ್ಲರಿಗೂ ಮೊದಲು ಹೊಳೆಯುವುದು ಫ್ಲೆಕ್ಸ್. ಬೇಡ. ಬಿಸಿಲಿಗೆ ಮೊದಲು ಬಿಳಚಿಕೊಳ್ಳುವುದು ಕೆಂಪು ಬಣ್ಣ. ನಕ್ಷೆಯಲ್ಲಿ ಗಡಿ ದಾಟಬಾರದೆಂಬ ಗೆರೆ ಎಳೆಯುವುದೂ ಸಾಮಾನ್ಯವಾಗಿ ಕೆಂಪಿನಲ್ಲೇ. ಒಂದೆರಡು ಬೇಸಿಗೆಗೆ ಗಡಿ ಮಾಯ, ಮುಂದಿನ ಮಳೆಗಾಲಕ್ಕೆ ಫ್ಲೆಕ್ಸೂ ಮಾಯವಾಗಿ ಯಾರದೋ ಹುಲ್ಲಿನ ಬಣವೆಯ ಮೇಲೆ ಹೊದಿಕೆಯಾಗಿರುತ್ತದೆ. ಕಬ್ಬಿಣದ ಆಂಗಲ್ ಹಾಕಿದರೆ ಗುಜರಿ ಅಂಗಡಿ ದೂರವಿಲ್ಲ. ಈ ಸೀಮೆಯಲ್ಲಿ ದ್ರಾಕ್ಷಿ ಚಪ್ಪರ ಹೊತ್ತು ನಿಂತಿರುವ ಕಲ್ಲುಕಂಬ ಇರುವಾಗ ಬೇರೇನು ಬೇಕು? ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲಿಗೆ ಉಳಿ ಹಿಡಿಯುವ ಕೈಗಳಿಗೂ ಬರವಿಲ್ಲ. ಆದರೆ ಕೆತ್ತಿಸುವುದು ಹೋಲಿನ ನಂಬರನ್ನು ಮಾತ್ರ. ದೂರವನ್ನು ಎನಾಮಲ್ ಬಣ್ಣದಲ್ಲಿ ಬರೆಸಬೇಕು, ಯಾಕೆಂದರೆ ಬುಟ್ಟಿ ಜಾಗ ಬದಲಾಯಿಸುತ್ತದೆ. ಒಂದೇ ಕಡೆ ಇದ್ದರೆ ಸುತ್ತಲಿನ ಹುಲ್ಲು ತುಳಿತಕ್ಕೆ ಸವೆದು ನೆಲ ಬೋಳಾಗುತ್ತದೆಂದು ನೆಲದಲ್ಲಿ ಎರಡು ಮೂರು ಕೊಳವೆ ಹೂತು, ಬುಟ್ಟಿಯನ್ನು ಆಗಾಗ ಒಂದರಿಂದ ಇನ್ನೊಂದಕ್ಕೆ ಕಿತ್ತು ನೆಡುತ್ತಾರೆ. ಬೋರ್ಡಿನಲ್ಲಿ ಅ, ಆ, ಇ ಎಂದು ಮೂರು ದೂರ; ಇವತ್ತಿನದು ಯಾವುದೆಂದು ತೋರಿಸಲು ಅದರ ಪಕ್ಕದ ತೂತಿಗೆ ಒಂದು ಬೋಲ್ಟು. ಬುಟ್ಟಿ ಸರಿಸಿದವರು ಬೋಲ್ಟು ಸರಿಸಲು ಮರೆಯುವುದು ಈ ಏರ್ಪಾಡಿನ ಹುಟ್ಟುರೋಗ. ಬುಟ್ಟಿಯ ಬೀಗದ ಕೈಗೂ ಬೋಲ್ಟಿನ ಸ್ಪ್ಯಾನರಿಗೂ ಒಂದೇ ದಾರ ಕಟ್ಟಿಟ್ಟರೆ ಅರ್ಧ ವಾಸಿಯಾಗುತ್ತದೆ.

ಕಂಬವನ್ನು ಟೀ ಮುಂದೆ ನೆಡದೆ ಹಿಂಭಾಗದ ಮಗ್ಗುಲಲ್ಲಿ, ಬೀಸಿದ ಕೈಗೆ ಸಿಗದಷ್ಟು ದೂರದಲ್ಲಿ ನೆಡಬೇಕು. ಎರಡಡಿ ಗುಂಡಿ ಸಾಕೆಂದು ಪುಸ್ತಕದಂತೆ ಲೆಕ್ಕ ಹಾಕುವವರು ಎಮ್ಮೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ತೋಪಿನಲ್ಲಿ ಹೊಸದಾಗಿ ಒಂದು ಕಲ್ಲು ಎದ್ದರೆ ಮೈ ತಿಕ್ಕಿಕೊಳ್ಳಲು ಮೊದಲು ಬರುವುದು ಅದೇ. ಮೂರಡಿ ತೋಡಿ, ಸುತ್ತ ಜಲ್ಲಿ ಗಿಡಿದು ಕಾಂಕ್ರೀಟು ಹಾಕಿ, ಏಳು ದಿನ ನೀರು ಹೊಡೆಯಿರಿ. ಅಲ್ಲಿಯತನಕ ಸುತ್ತ ಒಂದು ಹೊರೆ ಜಾಲಿ ಮುಳ್ಳು ಇರಲಿ.