ಗದ್ದುಗೆ ಖಾಲಿಯಾದಾಗ ಮೊದಲು ಕೈ ಹಾಕೋರು ಯಾರು?

ಯಾವ ದೇಶದಲ್ಲೇ ಆಗ್ಲಿ, ದೊಡ್ಡ ನಾಯಕ ಒಬ್ಬ ಸತ್ತ, ಇಲ್ಲಾ ಓಡಿಹೋದ, ಇಲ್ಲಾ ಸೋತು ಮನೆ ಸೇರಿದ ಅಂದ ತಕ್ಷಣ ಒಂದೇ ರಾಗ ಶುರುವಾಗುತ್ತೆ. ಮುಂದೆ ಯಾರು, ದೇಶದ ಗತಿ ಏನು, ಹೇಳೋರು ಕೇಳೋರು ಇಲ್ಲದೆ ಜನ ಹುಚ್ಚೆದ್ದು ಹೋಗ್ತಾರೆ, ಬೇಗ ಯಾರಾದ್ರೂ ಗಟ್ಟಿ ಆಳು ಬಂದು ಕೂತ್ಕೊಳ್ಲಿ ಅಂತ. ಈ ಗಾಬರಿ ನಂಗೆ ಯಾವತ್ತೂ ಪೂರ್ತಿ ಗಂಟಲಲ್ಲಿ ಇಳಿದಿಲ್ಲ. ಒಬ್ಬ ಹೋಗಿ ಇನ್ನೊಬ್ಬ ಬರೋ ತನಕದ ಆ ಗ್ಯಾಪಲ್ಲಿ ಅನಾಹುತ ಆಗೋದು ನಿಜ, ಇತಿಹಾಸದ ತುಂಬಾ ಅದೇ ಇದೆ, ಆದ್ರೆ ಅದು ಬೀದಿಯಿಂದ ಶುರುವಾಗಿದ್ದಕ್ಕಿಂತ ಒಳಮನೆಯಿಂದ ಶುರುವಾಗಿದ್ದೇ ಜಾಸ್ತಿ ಅನ್ನೋದು ನನ್ನ ವಾದ. ಜಗಳ ಆಡೋರು ಪೂರ್ತಿ ಓದಿ ಆಮೇಲೆ ಆಡಿ.

1087ರ ಸೆಪ್ಟೆಂಬರ್ 9. ಇಂಗ್ಲೆಂಡನ್ನ ಗೆದ್ದ ವಿಲಿಯಂ ಫ್ರಾನ್ಸಿನ ರುವಾನ್ ಹತ್ರದ ಒಂದು ಮಠದಲ್ಲಿ ಬೆಳಗಿನ ಗಂಟೆ ಹೊಡೆಯೋ ಹೊತ್ತಿಗೆ ಸತ್ತ. ಆಮೇಲೆ ಏನಾಯ್ತು ಅಂತ ಆರ್ಡರಿಕ್ ವಿಟಾಲಿಸ್ ಅನ್ನೋ ಸನ್ಯಾಸಿ ಬರೆದಿಟ್ಟಿದ್ದಾನೆ. ಹಾಸಿಗೆ ಪಕ್ಕ ಇದ್ದ ದೊಡ್ಡ ದೊಡ್ಡ ಶ್ರೀಮಂತರೆಲ್ಲ ಕುದುರೆ ಹತ್ತಿ ತಂತಮ್ಮ ಆಸ್ತಿ ಕಾಯೋಕೆ ಓಡಿದ್ರು, ಅವ್ರು ಓಡಿದ್ದು ನೋಡಿ ಚಿಕ್ಕಪುಟ್ಟ ಸೇವಕರು ಆಯುಧ, ಪಾತ್ರೆ, ಬಟ್ಟೆ, ಹಾಸಿಗೆ ಎಲ್ಲಾ ಬಾಚಿಕೊಂಡು ರಾಜನ ಹೆಣವನ್ನ ಹೆಚ್ಚೂಕಮ್ಮಿ ಬೆತ್ತಲೆಯಾಗಿ ನೆಲದ ಮೇಲೆ ಬಿಟ್ಟು ಹೋದ್ರು. ಮಕ್ಕಳೇನು ಕಮ್ಮಿ ಇರ್ಲಿಲ್ಲ. ಅಪ್ಪ ಇನ್ನೂ ಉಸಿರಾಡ್ತಿರುವಾಗ್ಲೇ ಒಬ್ಬ ಕಿರೀಟ ಹಿಡಿಯೋಕೆ ಇಂಗ್ಲೆಂಡ್ ಕಡೆ ಹೊರಟಾಗಿತ್ತು, ಇನ್ನೊಬ್ಬ ತನ್ನ ಪಾಲಿಗೆ ಬಂದ ಬೆಳ್ಳಿ ಸರಿಯಾಗಿದ್ಯಾ ಅಂತ ತೂಕ ಹಾಕಿಸೋಕೆ ಹೋಗಿದ್ದ. ಹೊರಗಿನ ಜನಕ್ಕೆ ಸುದ್ದಿ ಮುಟ್ಟೋ ಮುಂಚೇನೇ ಲೂಟಿ ಮುಗಿದಿತ್ತು ನೋಡಿ.

ಆ ಕಾಲದಲ್ಲಿ ಇದಕ್ಕೊಂದು ಕಾರಣಾನೂ ಇತ್ತು. ಕಾನೂನು, ಶಾಂತಿ ಅನ್ನೋದೆಲ್ಲ ರಾಜನ ಸ್ವಂತ ಮಾತು, ಅವನ ಸ್ವಂತ ರಕ್ಷಣೆ. ಅವನು ಸತ್ತ್ರೆ ಅದೂ ಸತ್ತಂಗೆ, ಹೊಸಬನ ಪಟ್ಟಾಭಿಷೇಕ ಆಗೋ ತನಕ ಕದ್ದವನು ಯಾರ ಮಾತನ್ನ ಮುರಿದಂಗಾಯ್ತು ಹೇಳಿ? ಆ ಬೆಳ್ಳಿ ತೂಕ ಹಾಕಿಸಿದ ಮಗ ಇದ್ನಲ್ಲ, ಅವನೇ ಮುಂದೆ ಮೊದಲನೇ ಹೆನ್ರಿ ಆಗಿ ಮೂವತ್ತೈದು ವರ್ಷ ಆಳಿ 1135ರಲ್ಲಿ ಸತ್ತಾಗ, ಕೈಲಾದವರೆಲ್ಲ ಒಬ್ಬರನ್ನೊಬ್ಬರು ದೋಚಿದ್ರು ಅಂತ ಅಲ್ಲಿನ ಸನ್ಯಾಸಿಗಳು ವೃತ್ತಾಂತದಲ್ಲಿ ಬರೆದ್ರು. ಈ ತೂತು ಮುಚ್ಚೋಕೆ 1272 ಬರಬೇಕಾಯ್ತು. ಆಗ ಮೂರನೇ ಹೆನ್ರಿ ನವೆಂಬರ್ 16ಕ್ಕೆ ಸತ್ತ, ಮಗ ಎಡ್ವರ್ಡ್ ಧರ್ಮಯುದ್ಧಕ್ಕೆ ಹೋದವನು ದೇಶದಲ್ಲೇ ಇಲ್ಲ, ಆದ್ರೂ ನಾಲ್ಕೇ ದಿನದಲ್ಲಿ ಅವನ ಹೆಸರಲ್ಲಿ ಆಳ್ವಿಕೆ ಶುರು ಅಂತ ಘೋಷಿಸಿಬಿಟ್ರು. ಮನುಷ್ಯ ಊರಿಗೆ ಬಂದು ಕಿರೀಟ ಇಟ್ಕೊಂಡಿದ್ದು 1274ರ ಆಗಸ್ಟಲ್ಲಿ. ಅಷ್ಟು ದಿನ ರಾಜ ಇಲ್ಲದೇನೇ ರಾಜ್ಯ ನಡೀತು, ಆಕಾಶ ಏನೂ ಕಳಚಿ ಬೀಳ್ಲಿಲ್ಲ.

ಇದಕ್ಕೂ ಎಷ್ಟೋ ಮುಂಚೆ, 1024ರಲ್ಲಿ, ಇಟಲಿಯ ಪಾವಿಯಾ ಪಟ್ಟಣದವರು ತಮ್ಮನ್ನ ಜರ್ಮನಿಯಿಂದ ಆಳ್ತಿದ್ದ ಚಕ್ರವರ್ತಿ ಎರಡನೇ ಹೆನ್ರಿ (ಇಂಗ್ಲೆಂಡಿನ ಹೆನ್ರಿಗಳಲ್ಲ) ಸತ್ತ ಸುದ್ದಿ ಕೇಳಿ ಅಲ್ಲಿದ್ದ ಅರಮನೆಯನ್ನ ಕೆಡವಿ ಹಾಕಿದ್ರು. ಹೊಸ ರಾಜ ಕಾನ್ರಾಡ್ ಕೇಳಿದ್ದಕ್ಕೆ ಇವರ ವಾದ ಏನಪ್ಪಾ ಅಂದ್ರೆ, ನಾವು ಬದುಕಿದ್ದ ರಾಜನಿಗೆ ನಿಷ್ಠೆಯಾಗೇ ಇದ್ವಿ, ಅವನು ಸತ್ತ ಮೇಲೆ ನಮಗೆ ರಾಜನೇ ಇರ್ಲಿಲ್ಲ, ಅಂದ್ಮೇಲೆ ರಾಜನ ಮನೆ ಕೆಡವಿದ್ವಿ ಅನ್ನೋ ಆರೋಪ ಹೆಂಗೆ ನಿಲ್ಲುತ್ತೆ? ಲಾಯರ್ ಪಾಯಿಂಟು. ಅದಕ್ಕೆ ಕಾನ್ರಾಡ್, ರಾಜ ಸತ್ತ್ರೂ ರಾಜ್ಯ ಉಳಿದಿರುತ್ತೆ, ಚುಕ್ಕಾಣಿ ಹಿಡಿದೋನು ಬಿದ್ರೂ ಹಡಗು ಉಳಿಯೋ ಹಂಗೆ, ಅಂದನಂತೆ. ಅವನ ಆಸ್ಥಾನದ ಪಾದ್ರಿ ವೀಪೋ ಬರೆದಿರೋದು ಇದು, ಹಾಗಾಗಿ ಸ್ವಲ್ಪ ಮಾಲೀಶ್ ಇರಬಹುದು. ಆದ್ರೂ ಸಾವಿರ ವರ್ಷದ ಹಿಂದೆ ಈ ಮಾತು ಹೇಳಿದ್ದೇ ದೊಡ್ಡದು.

ಸರಿ, ಪಾವಿಯಾದಲ್ಲಿ ಕೆಡವಿದ್ದು ಜನಾನೇ ಅಲ್ವಾ ಅಂತೀರಿ. ಒಪ್ಪಿದೆ. ಬಾಗ್ದಾದನ್ನೂ ತರ್ತೀರಿ, 2003ರ ಏಪ್ರಿಲ್ 9ಕ್ಕೆ ಸದ್ದಾಂ ಸರ್ಕಾರ ಬಿತ್ತು, ಮಾರನೇ ದಿನದಿಂದ್ಲೇ ನ್ಯಾಷನಲ್ ಮ್ಯೂಸಿಯಂ ಲೂಟಿ, ಸುಮಾರು 15,000 ವಸ್ತುಗಳು ಹೋದ್ವು, ಐದು ಸಾವಿರ ವರ್ಷ ಹಳೆಯ ವಾರ್ಕಾ ಹೂದಾನಿಯನ್ನ ಪೀಠದಿಂದ ಮುರಿದು ಎತ್ತಿಕೊಂಡು ಹೋದ್ರು (ಆಮೇಲೆ ತುಂಡು ತುಂಡಾಗಿ ವಾಪಸ್ ಬಂತು). ನಿಜ. ಆದ್ರೆ ಅದೇ ವಾರ ಆಯಿಲ್ ಮಿನಿಸ್ಟ್ರಿ ಮುಂದೆ ಅಮೆರಿಕದ ಕಾವಲು ಇತ್ತು. ಮ್ಯೂಸಿಯಂ ಮುಂದೆ ಇರ್ಲಿಲ್ಲ. ಮೇ 23ಕ್ಕೆ ಒಂದೇ ಆದೇಶದಲ್ಲಿ ಇಡೀ ಇರಾಕಿ ಸೈನ್ಯವನ್ನ ವಿಸರ್ಜನೆ ಮಾಡಿ ಲಕ್ಷಾಂತರ ಜನರನ್ನ ಕೈಯಲ್ಲಿ ಬಂದೂಕು, ಜೇಬಲ್ಲಿ ಏನೂ ಇಲ್ಲ ಅನ್ನೋ ಸ್ಥಿತಿಯಲ್ಲಿ ಮನೆಗೆ ಕಳಿಸಿದ್ದು ಬೀದಿಯವರಲ್ಲ. ಹೂದಾನಿ ಹೊತ್ತವನದ್ದು ತಪ್ಪೇ, ಆದ್ರೆ ಆ ಗ್ಯಾಪನ್ನ ಅಷ್ಟು ಅಗಲ ಮಾಡಿದ್ದು ಯಾರು ಅನ್ನೋದನ್ನ ಬಿಟ್ಟು ಬರೀ ಅವನನ್ನೇ ತೋರಿಸಿದ್ರೆ ಹೆಂಗೆ.

ನಮ್ಮ ವಾಲ್ಮೀಕಿ ರಾಮಾಯಣದಲ್ಲೂ ಇದೇ ಹೆದರಿಕೆ ಇದೆ. ದಶರಥ ಸತ್ತ ಮಾರನೇ ಬೆಳಗ್ಗೆ ಋಷಿಗಳೆಲ್ಲ ವಸಿಷ್ಠರ ಮುಂದೆ ಸಾಲಾಗಿ ಹೇಳ್ತಾರೆ, ಅರಸ ಇಲ್ಲದ ನಾಡಲ್ಲಿ ಹಿಡಿ ಬೀಜಾನೂ ಬಿತ್ತಲ್ಲ, ಬೇಸಾಯಗಾರ ದನಗಾಹಿ ಬಾಗಿಲು ತೆಗೆದಿಟ್ಟು ಮಲಗೋಕಾಗಲ್ಲ, ಮೀನುಗಳ ಹಂಗೆ ಜನ ಒಬ್ಬರನ್ನೊಬ್ಬರು ತಿಂತಾರೆ ಅಂತ. ಶ್ಲೋಕ ಅದ್ಭುತ. ಆದ್ರೆ ಅದೇ ಹೊತ್ತಲ್ಲಿ ಅರಮನೆಯಲ್ಲಿ ಏನಾಗ್ತಿತ್ತು ಅನ್ನೋದನ್ನ ನಾವು ಮರೀತೀವಿ. ರಾಜನ ದೇಹ ಎಣ್ಣೆ ಕೊಪ್ಪರಿಗೆಯಲ್ಲಿತ್ತು, ಭರತನನ್ನ ಕರೆತರೋಕೆ ಹೋದ ದೂತರಿಗೆ ವಸಿಷ್ಠರೇ ಸ್ಟ್ರಿಕ್ಟಾಗಿ ಹೇಳಿ ಕಳಿಸಿದ್ರು, ರಾಮ ಕಾಡಿಗೆ ಹೋದ ವಿಷಯ ಹೇಳಬೇಡಿ, ಅಪ್ಪ ಸತ್ತದ್ದೂ ಹೇಳಬೇಡಿ ಅಂತ. ಆ ಮನೆ ಒಡೆದಿದ್ದೂ ಒಳಗಿಂದ್ಲೇ, ಪ್ರಜೆಗಳು ಪಾಪ ರಾಮನ ರಥದ ಹಿಂದೆ ಅಳ್ತಾ ಹೋಗಿದ್ದಷ್ಟೇ.

ಸಾವು ಮುಚ್ಚಿಡೋ ಕಲೆಯಲ್ಲಿ ಚೀನಾದವರನ್ನ ಮೀರಿಸೋರಿಲ್ಲ. ಕ್ರಿ.ಪೂ. 210ರಲ್ಲಿ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಪ್ರವಾಸದಲ್ಲಿದ್ದಾಗ ಸತ್ತ. ಜೊತೆಗಿದ್ದ ಪ್ರಧಾನಿ ಲೀ ಸು, ನಪುಂಸಕ ಅಧಿಕಾರಿ ಝಾವ್ ಗಾವ್ ಇಬ್ರೂ ಸುದ್ದಿ ಬಿಡ್ಲೇ ಇಲ್ಲ, ಗಾಡಿಗೆ ಊಟ ಕಳಿಸ್ತಾನೇ ಇದ್ರು, ಬೇಸಿಗೆಯಲ್ಲಿ ಹೆಣ ನಾರೋಕೆ ಶುರುವಾದಾಗ ವಾಸನೆ ಗೊತ್ತಾಗಬಾರದು ಅಂತ ಪಕ್ಕದಲ್ಲಿ ಮೀನಿನ ಗಾಡಿ ಹೊಡಿಸಿದ್ರು. ಆ ಗ್ಯಾಪಲ್ಲೇ ನಕಲಿ ಆಜ್ಞೆ ಬರೆದು ಹಿರಿಮಗ ಫೂಸುಗೆ ಆತ್ಮಹತ್ಯೆ ಮಾಡ್ಕೋ ಅಂತ ಕಳಿಸಿದ್ರು, ಅವನು ಮಾಡ್ಕೊಂಡೂ ಬಿಟ್ಟ. ಮೂರ್ನಾಲ್ಕು ವರ್ಷದಲ್ಲಿ ಇಡೀ ವಂಶ ಮಣ್ಣುಪಾಲು, ಲೀ ಸುನನ್ನ ಅದೇ ಝಾವ್ ಗಾವ್ ಕೊಲ್ಲಿಸಿದ.

ಹಂಗಂತ ಮುಚ್ಚಿಟ್ಟವರೆಲ್ಲ ಕೆಟ್ಟವರು ಅಂತಾನೂ ಅಲ್ಲ. 1566ರಲ್ಲಿ ಆಟೊಮನ್ ಸುಲ್ತಾನ ಸುಲೈಮಾನ್ ಹಂಗೇರಿಯ ಮುತ್ತಿಗೆ ಮಧ್ಯೆ ಡೇರೆಯಲ್ಲಿ ಸತ್ತಾಗ ವಜೀರ ಸೊಕೊಲ್ಲು ಮೆಹಮೆದ್ ಪಾಷಾ ಮಗ ಸೆಲೀಮ್ ಬರೋ ತನಕ ವಾರಗಟ್ಟಲೆ ಗುಟ್ಟು ಕಾಪಾಡಿದ, ಸೈನ್ಯ ಚೆಲ್ಲಾಪಿಲ್ಲಿ ಆಗ್ಲಿಲ್ಲ. ಟಿಬೆಟಲ್ಲಂತೂ ಐದನೇ ದಲಾಯಿ ಲಾಮಾ 1682ರಲ್ಲಿ ಸತ್ತಿದ್ದನ್ನ ಅವರ ಪರವಾಗಿ ಆಡಳಿತ ನೋಡ್ಕೊಳ್ತಿದ್ದ ರೀಜೆಂಟ್ ಸಾಂಗ್ಯೆ ಗ್ಯಾತ್ಸೊ 1697ರ ತನಕ ಮುಚ್ಚಿಟ್ಟ. ಹದಿನೈದು ವರ್ಷ! ಧ್ಯಾನದಲ್ಲಿದ್ದಾರೆ ಅಂತ ಹೇಳ್ಕೊಂಡೇ ಪೋಟಾಲಾ ಅರಮನೆ ಕಟ್ಟಿಸಿ ಮುಗಿಸಿದ. ಒಳ್ಳೆ ಕೆಲಸಾನೇ. ಆದ್ರೆ ಒಂದು ವಿಷ್ಯ ಗಮನಿಸಿ, ಒಳ್ಳೇದಾಗಿದ್ದು ಕೆಟ್ಟದ್ದಾಗಿದ್ದು ಎರಡೂ ಗುಟ್ಟು ಹಿಡಿದೋನ ಯೋಗ್ಯತೆ ಮೇಲೆ ನಿಂತಿತ್ತು. ಜನಕ್ಕೆ ಅದರಲ್ಲಿ ಮಾತೇ ಇರ್ಲಿಲ್ಲ.

ಜನಕ್ಕೆ ಮಾತು ಸಿಕ್ಕಿದ ಕಡೆ ಏನಾಯ್ತು ಅನ್ನೋದಕ್ಕೆ ನಂಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ವಿತೆರ್ಬೊದ್ದು. ಪೋಪ್ ನಾಲ್ಕನೇ ಕ್ಲೆಮೆಂಟ್ 1268ರ ನವೆಂಬರಲ್ಲಿ ಇಟಲಿಯ ಈ ಊರಲ್ಲಿ ತೀರಿಕೊಂಡ. ಕಾರ್ಡಿನಲ್‌ಗಳು, ಅಂದ್ರೆ ಮುಂದಿನ ಪೋಪನ್ನ ಆರಿಸೋ ಹಿರಿಯ ಪಾದ್ರಿಗಳು, ಸೇರಿದ್ರು, ಫ್ರೆಂಚ್ ಪರ ಒಂದು ಗುಂಪು, ವಿರುದ್ಧ ಇನ್ನೊಂದು, ತಿಂಗಳು ಕಳೀತು, ವರ್ಷ ಕಳೀತು, ಇವ್ರು ಅರಮನೆಯಲ್ಲಿ ತಿಂದುಂಡು ಆರಾಮಾಗಿದ್ದಾರೆ, ಸಾಕಿ ಸಾಕಿ ಸುಸ್ತಾಗಿದ್ದು ಊರಿನವರು. ಕೊನೆಗೆ ಊರಿನವರೇ ಬಾಗಿಲಿಗೆ ಬೀಗ ಜಡಿದ್ರು. ಊಟ ಕಡಿಮೆ ಮಾಡಿದ್ರು. ಅದಕ್ಕೂ ಜಗ್ಗದಿದ್ದಾಗ ಅರಮನೆಯ ಚಾವಣಿ ಕಿತ್ತು ಹಾಕಿದ್ರು, ಮಳೆ ಬಿಸಿಲು ತಲೆ ಮೇಲೇನೇ ಬೀಳ್ಲಿ ಅಂತ. ಇದು ಬರೀ ದಂತಕಥೆ ಅನ್ನೋ ಹಾಗಿಲ್ಲ, 1270ರ ಜೂನಲ್ಲಿ ಕಾರ್ಡಿನಲ್‌ಗಳು ಬರೆದ ಒಂದು ಪತ್ರದಲ್ಲಿ ಸ್ಥಳದ ಹೆಸರೇ ಚಾವಣಿ ಇಲ್ಲದ ಅರಮನೆ ಅಂತಿದೆ. ಆದ್ರೂ ಆ ಪುಣ್ಯಾತ್ಮರು ಇನ್ನೊಂದು ವರ್ಷ ಎಳೆದ್ರು! ಕೆಲವರು ಮಧ್ಯದಲ್ಲಿ ಸತ್ತೇ ಹೋದ್ರು. 1271ರ ಸೆಪ್ಟೆಂಬರ್ 1ಕ್ಕೆ ಅಂತೂ ಇಂತೂ ಒಬ್ಬನನ್ನ ಆರಿಸಿದ್ರು, ಅವನೋ ಕಾರ್ಡಿನಲ್ಲೇ ಅಲ್ಲ, ಊರಲ್ಲೂ ಇಲ್ಲ, ದೂರದ ಏಕರ್ ಬಂದರಲ್ಲಿ ಧರ್ಮಯುದ್ಧದವರ ಜೊತೆ ಇದ್ದ.

ಹಂಗೆ ಪೋಪ್ ಆದ ಹತ್ತನೇ ಗ್ರೆಗರಿ 1274ರಲ್ಲಿ ಊರಿನವರು ಮಾಡಿದ್ದನ್ನೇ ಕಾನೂನು ಮಾಡಿಬಿಟ್ಟ. ಎಲ್ಲರನ್ನೂ ಒಟ್ಟಿಗೆ ಕೂಡಿ ಹಾಕಬೇಕು, ಮೂರು ದಿನದಲ್ಲಿ ಆಗ್ಲಿಲ್ಲ ಅಂದ್ರೆ ಹೊತ್ತಿಗೆ ಒಂದೇ ಪದಾರ್ಥ, ಮತ್ತೂ ಐದು ದಿನ ಆದ್ರೆ ಬರೀ ಬ್ರೆಡ್ಡು, ನೀರು, ವೈನು. ಆಯ್ಕೆ ಆಗೋ ತನಕ ಆದಾಯಾನೂ ಇಲ್ಲ. ಕಾರ್ಡಿನಲ್‌ಗಳಿಗೆ ಮೈ ಉರಿದುಹೋಯ್ತು, ಗ್ರೆಗರಿ 1276ರಲ್ಲಿ ಸತ್ತಿದ್ದೇ ತಡ ಅದೇ ವರ್ಷ ನಿಯಮವನ್ನ ಅಮಾನತು ಮಾಡಿಸಿದ್ರು, ಫಲ ಏನು, 1292ರಿಂದ 1294ರ ತನಕ ಮತ್ತೆ ಎರಡು ವರ್ಷಕ್ಕೂ ಜಾಸ್ತಿ ಪೋಪೇ ಇಲ್ಲ. ಆಮೇಲೆ ಮತ್ತೆ ಜಾರಿಗೆ ಬಂತು. 2025ರಲ್ಲಿ ಪೋಪ್ ಫ್ರಾನ್ಸಿಸ್ ಏಪ್ರಿಲ್ 21ಕ್ಕೆ ತೀರಿಕೊಂಡು ಮೇ 8ಕ್ಕೆ ಹದಿನಾಲ್ಕನೇ ಲಿಯೋ ಬಂದಾಗ ಎಷ್ಟು ನೀಟಾಗಿ ನಡೀತು ಅಂತ ಎಲ್ರೂ ಹೊಗಳಿದ್ರು. ಆ ನೀಟು ಹುಟ್ಟಿದ್ದು ಒಂದು ಊರಿನ ಜನರ ಸಿಟ್ಟಿಂದ.

ರಷ್ಯಾದಲ್ಲಿ ಉಲ್ಟಾ. 1825ರ ಕೊನೆಯಲ್ಲಿ ಚಕ್ರವರ್ತಿ ಅಲೆಕ್ಸಾಂಡರ್ ದೂರದ ತಗಾನ್ರೋಗಲ್ಲಿ ಸತ್ತ, ಲೆಕ್ಕದ ಪ್ರಕಾರ ತಮ್ಮ ಕಾನ್ಸ್ಟಾಂಟಿನ್ ರಾಜ ಆಗಬೇಕು, ಆದ್ರೆ ಅವನು ಯಾವಾಗ್ಲೋ ನಂಗೆ ಬೇಡ ಅಂತ ಬರೆದುಕೊಟ್ಟಿದ್ದ, ಆ ಪತ್ರವನ್ನ ಲಕೋಟೆಯಲ್ಲಿ ಸೀಲ್ ಮಾಡಿ ಮಾಸ್ಕೋದ ಚರ್ಚಲ್ಲಿ ಇಟ್ಟು ಬೆರಳೆಣಿಕೆಯವರನ್ನ ಬಿಟ್ಟು ಯಾರಿಗೂ ಹೇಳಿರ್ಲಿಲ್ಲ. ಹಾಗಾಗಿ ರಾಜಧಾನಿಯಲ್ಲಿದ್ದ ಇನ್ನೊಬ್ಬ ತಮ್ಮ ನಿಕೊಲಾಯ್ ಕಾನ್ಸ್ಟಾಂಟಿನ್ ಹೆಸರಲ್ಲಿ ನಿಷ್ಠೆಯ ಪ್ರಮಾಣ ಮಾಡಿದ, ವಾರ್ಸಾದಲ್ಲಿ ಕೂತಿದ್ದ ಕಾನ್ಸ್ಟಾಂಟಿನ್ ನಿಕೊಲಾಯ್ ಹೆಸರಲ್ಲಿ ಪ್ರಮಾಣ ಮಾಡಿದ. ಕಾಮಿಡಿ ಶೋ. ಸೈನಿಕರಿಗೆ ಎರಡೂವರೆ ವಾರ ಮುಂಚೆ ಒಬ್ಬನ ಹೆಸರಲ್ಲಿ ಆಣೆ ಹಾಕಿಸಿ, ಈಗ ಅದು ಕ್ಯಾನ್ಸಲ್, ಇವನ ಹೆಸರಲ್ಲಿ ಹಾಕಿ ಅಂದ್ರೆ ಏನಾಗುತ್ತೆ? ಸುಮಾರು 3,000 ಜನ ಹೊಸ ಆಣೆ ಹಾಕಲ್ಲ ಅಂತ ಸೆನೆಟ್ ಚೌಕದಲ್ಲಿ ನಿಂತ್ರು, ಸಂಜೆ ಹೊತ್ತಿಗೆ ಫಿರಂಗಿ ಹಾರಿಸಿದ್ರು, ಮುಂದಿನ ವರ್ಷ ಐದು ಜನರನ್ನ ಗಲ್ಲಿಗೆ ಹಾಕಿದ್ರು. ಲಕೋಟೆ ಮುಚ್ಚಿಟ್ಟವರಿಗೆ ಏನೂ ಆಗ್ಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಈಗ ಡೆಮಾಕ್ರಸಿ ಬಂತಲ್ಲ, ತಾರೀಖು ಫಿಕ್ಸು, ಯಾರು ಅನ್ನೋದು ಗೊತ್ತು, ಇನ್ನೇನು ತೊಂದ್ರೆ ಅಂತ ಕೇಳಿದ್ರೆ, ಕುರ್ಚಿ ಖಾಲಿ ಇರೋದಕ್ಕಿಂತ ಅದರ ಮೇಲೆ ಹೊರಡೋ ಮನುಷ್ಯ ಸುಮ್ನೆ ಕೂತಿರೋದು ಕೆಟ್ಟದ್ದು. ಅಮೆರಿಕದಲ್ಲಿ ಲಿಂಕನ್ ಗೆದ್ದಿದ್ದು 1860ರ ನವೆಂಬರ್ 6, ಪ್ರಮಾಣ ವಚನ 1861ರ ಮಾರ್ಚ್ 4. ಈ ನಾಲ್ಕು ತಿಂಗಳಲ್ಲಿ ಏಳು ರಾಜ್ಯಗಳು ಹೊರಗೆ ಹೋದ್ವು, ತಮ್ಮದೇ ಅಧ್ಯಕ್ಷನನ್ನೂ ಕೂರಿಸಿಕೊಂಡ್ವು. ಹಾಲಿ ಅಧ್ಯಕ್ಷ ಬುಕಾನನ್ ಹೇಳಿದ್ದೇನು, ಬಿಟ್ಟು ಹೋಗೋಕೆ ಅವರಿಗೆ ಹಕ್ಕಿಲ್ಲ, ತಡೆಯೋಕೆ ನಂಗೆ ಅಧಿಕಾರ ಇಲ್ಲ. ಮುಗೀತಲ್ಲ ಕಥೆ. ಅವನ ಯುದ್ಧ ಮಂತ್ರಿ ಫ್ಲಾಯ್ಡ್ ಇನ್ನೂ ಒಂದು ಹೆಜ್ಜೆ ಮುಂದೆ, ಡಿಸೆಂಬರಲ್ಲಿ ಪಿಟ್ಸ್‌ಬರ್ಗ್ ಶಸ್ತ್ರಾಗಾರದಿಂದ ನೂರಕ್ಕೂ ಹೆಚ್ಚು ದೊಡ್ಡ ಫಿರಂಗಿಗಳನ್ನ ದಕ್ಷಿಣದ ಇನ್ನೂ ಕಟ್ಟಿ ಮುಗಿಯದ ಕೋಟೆಗಳಿಗೆ ಸಾಗಿಸೋಕೆ ಆರ್ಡರ್ ಮಾಡಿದ. ತಡೆದಿದ್ದು ಯಾರು ಗೊತ್ತಾ? ಪಿಟ್ಸ್‌ಬರ್ಗಿನ ಜನ. ಸಭೆ ಸೇರಿ, ಗಲಾಟೆ ಮಾಡಿ, ವಾಷಿಂಗ್ಟನ್‌ಗೆ ದೂರು ಕಳಿಸಿ, ಕೊನೆಗೆ ಆರ್ಡರ್ ವಾಪಸ್ ಆಯ್ತು. ಫ್ಲಾಯ್ಡ್ ಆಮೇಲೆ ಆ ಕಡೆ ಸೈನ್ಯದಲ್ಲೇ ಜನರಲ್ ಆದ.

1932-33ರಲ್ಲೂ ಇದೇ ಹಾಡು, ಹೂವರ್ ಸೋತಿದ್ದಾನೆ, ರೂಸ್ವೆಲ್ಟ್ ಬಂದಿಲ್ಲ, ಬ್ಯಾಂಕುಗಳು ಒಂದೊಂದೇ ಬಾಗಿಲು ಹಾಕ್ತಿವೆ, ಜೊತೆಗೆ ಸೇರಿ ಏನಾದ್ರೂ ಮಾಡೋಣ ಅಂತ ಇವನು, ನನ್ನ ಟೈಮ್ ಬರ್ಲಿ ಅಂತ ಅವನು. ಅದೇ ಹೊತ್ತಲ್ಲಿ, 1933ರ ಜನವರಿಯಲ್ಲಿ, ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿ, ಮುಂದಿನ ಸಲದಿಂದ ಪ್ರಮಾಣ ವಚನವನ್ನ ಜನವರಿ 20ಕ್ಕೆ ಎಳೆದ್ರು. ಇವತ್ತಿಗೂ ಎರಡು ತಿಂಗಳ ಮೇಲೆ ಗ್ಯಾಪ್ ಇದೆ, ಅದ್ಯಾಕೆ ಬೇಕೋ ದೇವರೇ ಬಲ್ಲ.

ಇನ್ನು ಯಾರಾದ್ರೂ ಸರ್ಕಾರ ಇಲ್ಲದಿದ್ರೆ ದೇಶ ಮುಳುಗುತ್ತೆ ಅಂದ್ರೆ ನಾನು ಬೆಲ್ಜಿಯಂ ತೋರಿಸ್ತೀನಿ. 2010ರ ಜೂನ್ 13ಕ್ಕೆ ಎಲೆಕ್ಷನ್, ಹೊಸ ಸರ್ಕಾರ ಬಂದಿದ್ದು 2011ರ ಡಿಸೆಂಬರ್ 6ಕ್ಕೆ, 541 ದಿನ. ಹಳೇ ಪ್ರಧಾನಿ ಲೆಟೆರ್ಮ್ ಹಂಗಾಮಿಯಾಗಿ ಕೂತಿದ್ದ, ಬಜೆಟ್ ಇಲ್ಲ ಅಂತ ಹಿಂದಿನ ವರ್ಷದ ಲೆಕ್ಕವನ್ನ ಹನ್ನೆರಡು ಭಾಗ ಮಾಡಿ ತಿಂಗಳಿಗಿಷ್ಟು ಅಂತ ಖರ್ಚು ಮಾಡಿದ್ರು, ಟ್ರೇನ್ ಓಡ್ತು, ಸಂಬಳ ಬಂತು, ಪ್ರಾಂತ್ಯ ಸರ್ಕಾರಗಳು ತಮ್ಮ ಪಾಡಿಗೆ ಕೆಲಸ ಮಾಡಿದ್ವು. ಲಿಬಿಯಾ ಮೇಲೆ ಬಾಂಬ್ ಹಾಕೋಕೆ ವಿಮಾನಾನೂ ಕಳಿಸಿದ್ರು, ಹಂಗಾಮಿ ಸರ್ಕಾರ ಯುದ್ಧಕ್ಕೆ ಹೋಗಬಹುದಾ ಅನ್ನೋ ಪ್ರಶ್ನೆ ನಂಗಂತೂ ಇದೆ. ಜನ ಮೆರವಣಿಗೆ ಮಾಡಿದ್ರು, ಒಬ್ಬ ಫೇಮಸ್ ನಟ ಸರ್ಕಾರ ಬರೋ ತನಕ ಗಡ್ಡ ಬೋಳಿಸಬೇಡಿ ಅಂತ ಕರೆ ಕೊಟ್ಟ, ಗೆಂಟ್ ಊರಲ್ಲಿ ಹುಡುಗರು ಚಡ್ಡಿಯಲ್ಲಿ ನಿಂತು ಪ್ರತಿಭಟಿಸಿದ್ರು. ನಾಯಕರು ಒಂಚೂರೂ ಅಲ್ಲಾಡ್ಲಿಲ್ಲ. 2011ರ ನವೆಂಬರ್ 25ಕ್ಕೆ, ದೇಶಗಳ ಸಾಲ ತೀರಿಸೋ ಶಕ್ತಿಗೆ ಅಂಕ ಕೊಡೋ ಸ್ಟ್ಯಾಂಡರ್ಡ್ ಆ್ಯಂಡ್ ಪೂರ್ಸ್‌ನವರು ಬೆಲ್ಜಿಯಂ ರೇಟಿಂಗ್ ಒಂದು ಮೆಟ್ಟಿಲು ಇಳಿಸಿದ್ರು ನೋಡಿ, ಮಾರನೇ ದಿನಾನೇ ಬಜೆಟ್ ಮೇಲೆ ಒಪ್ಪಂದ ಆಯ್ತು, ಹತ್ತೇ ದಿನದಲ್ಲಿ ಮಂತ್ರಿಗಳ ಪಟ್ಟಿ ರೆಡಿ. ಗಡ್ಡ ಬಿಟ್ಟವರೆಲ್ಲ ಅವತ್ತು ಬೋಳಿಸಿಕೊಂಡ್ರೋ ಅಭ್ಯಾಸ ಆಗಿ ಹಂಗೇ ಬಿಟ್ರೋ, ಅದನ್ನ ಯಾರೂ ಬರೆದಿಟ್ಟಿಲ್ಲ ಅನ್ಸುತ್ತೆ.