ಕಣ್ಣು ಹಿಂದೆ ಹೋದರೆ ಹೋಗಲಿ ಬಿಡಿ

ಶಿರಸಿಯಲ್ಲಿ ರಜೆ ಬಂತೆಂದರೆ ಶಿಬಿರಗಳ ಕರಪತ್ರ ಶುರು. ಈ ಸಲ ಕೈಗೆ ಬಂದದ್ದು ಮಕ್ಕಳಿಗೆ ಸ್ಪೀಡ್ ರೀಡಿಂಗ್. ನಿಮಿಷಕ್ಕೆ ಸಾವಿರ ಪದವಂತೆ! ಕಣ್ಣಿಗೆ ವ್ಯಾಯಾಮ ಮಾಡಿಸಿ ಇಡೀ ಸಾಲು ಒಂದೇ ನೋಟಕ್ಕೆ ಸಿಗುವ ಹಾಗೆ ಮಾಡುತ್ತಾರಂತೆ. ಓದಿದ್ದಕ್ಕೇ ಮತ್ತೆ ಹಿಂದೆ ಹೋಗುವ 'ಕೆಟ್ಟ ಚಟ' ಬಿಡಿಸುತ್ತಾರಂತೆ.

ದುಡ್ಡು ಕಟ್ಟುವ ಮೊದಲು ಸ್ವಲ್ಪ ತಡೆಯಿರಿ.

ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ. ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಕಾಲದಿಂದ, ಅಂದರೆ 1870ರ ದಶಕದಿಂದ ಗೊತ್ತಿರುವ ಸಂಗತಿ ಇದು. ಜಿಗಿತಕ್ಕೆ ಸಕೇಡ್ ಅನ್ನುತ್ತಾರೆ. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು, ಜಿಗಿತ ಬರೀ 20–40 ಮಿಲಿಸೆಕೆಂಡು. ಜಿಗಿಯುವಷ್ಟು ಹೊತ್ತು ನೋಟ ಹೆಚ್ಚುಕಡಿಮೆ ಬಂದ್. ಕನ್ನಡಿಯಲ್ಲಿ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದೃಷ್ಟಿ ಹೊರಳಿಸಿ ನೋಡಿ. ಪಕ್ಕದಲ್ಲಿದ್ದವರಿಗೆ ನಿಮ್ಮ ಕಣ್ಣು ಹೊರಳಿದ್ದು ಕಾಣುತ್ತದೆ, ನಿಮಗೆ ಕಾಣುವುದಿಲ್ಲ. (ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ಕಾಣುತ್ತದೆ. ಚಿತ್ರ ಒಂಚೂರು ತಡವಾಗಿ ಬರುತ್ತದಲ್ಲ, ಅದಕ್ಕೆ.)

ಇನ್ನು ಅಕ್ಷರ ಚೊಕ್ಕವಾಗಿ ಕಾಣುವುದು ದೃಷ್ಟಿಯ ನಟ್ಟನಡುವೆ, ಕೈಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಜಾಗದಲ್ಲಿ ಮಾತ್ರ. ಅದು ಅಕ್ಷಿಪಟಲದ ರಚನೆ. ವ್ಯಾಯಾಮಕ್ಕೆಲ್ಲ ಅಗಲವಾಗುವಂಥದ್ದಲ್ಲ. ಸೆಕೆಂಡಿಗೆ ನಾಲ್ಕು ನಿಲುಗಡೆ, ನಿಲುಗಡೆಗೊಂದು ಪದ ಅಂತ ಹಿಡಿದರೂ ನಿಮಿಷಕ್ಕೆ 240 ಪದ. ಚೆನ್ನಾಗಿ ಓದುವವರು ಇನ್ನೂ ಸ್ವಲ್ಪ ಮೇಲೆ ಹೋಗುತ್ತಾರೆ, ಅಷ್ಟೇ. ಸಾವಿರ ಅಂದರೆ ಅದು ಓದಲ್ಲ, ಪುಟ ಮಗುಚುವುದು. ಹಿಂದೆ ಹೋಗುವ ಚಟವೋ, ನುರಿತ ಓದುಗರ ಜಿಗಿತಗಳಲ್ಲೂ ನೂರಕ್ಕೆ 10–15 ಹಿಮ್ಮುಖವೇ. ಅರ್ಥವಾಗದ್ದನ್ನು ಮತ್ತೆ ನೋಡದೆ ಇನ್ನೇನು ಮಾಡಬೇಕು?

ನಮ್ಮಲ್ಲಿ ಚಾಲಿಯನ್ನು, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು, ದರ್ಜೆವಾರು ಬೇರ್ಪಡಿಸುವ ಹೆಂಗಸರ ಎದುರು ಒಂದು ಗಳಿಗೆ ಕೂತು ನೋಡಿ. ಮಾತು ನಡೆದೇ ಇರುತ್ತದೆ, ಕೋಕಾ ದರ್ಜೆಯದು ಒಂದು ಕಡೆ, ಬಿಳಿಗೋಟು ದರ್ಜೆಯದು ಇನ್ನೊಂದು ಕಡೆ ಬೀಳುತ್ತಲೇ ಇರುತ್ತದೆ. ಅವರ ಕಣ್ಣೂ ನಮ್ಮದರಂತೆ ಜಿಗಿದು ನಿಲ್ಲುವ ಕಣ್ಣೇ. ಪಳಗಿದ್ದು ಅಡಿಕೆಯ ತಿಳಿವಳಿಕೆ. ಓದಿನಲ್ಲೂ ಹಾಗೇ, ಪದಗಳ ಪರಿಚಯ ಮತ್ತು ವಿಷಯದ ಹಿಡಿತ ಇದ್ದವರು ಬೇಗ ಓದುತ್ತಾರೆ. ಅದು ಹತ್ತು ದಿನದ ಶಿಬಿರದಲ್ಲಿ ಬರುವಂಥದ್ದಲ್ಲ.

ಆದರೂ ಕಳಿಸಲೇಬೇಕು ಅಂತಿದ್ದರೆ ಮೊದಲು ಡೆಮೊ ಕೇಳಿ. ಪುಸ್ತಕ ಮನೆಯಿಂದ ಒಯ್ಯಿರಿ, ಪುಟ ನೀವೇ ಆರಿಸಿ. ಅವರ ಹುಡುಗ ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿ ನಾಲ್ಕು ಪ್ರಶ್ನೆ ಕೇಳಿ.