ಮುಕ್ಕಾಲು ಟ್ಯಾಂಕ್ ಪೆಟ್ರೋಲ್, ಮೂರು ಸೆನ್ ನೀರು

ಸಿಂಗಪುರದ ಕಾರು ಮಲೇಷ್ಯಾಕ್ಕೆ ಹೊರಟರೆ ಟ್ಯಾಂಕಿನಲ್ಲಿ ಮುಕ್ಕಾಲು ಭಾಗ ಪೆಟ್ರೋಲ್ ಇರಲೇಬೇಕು. ವುಡ್‌ಲ್ಯಾಂಡ್ಸ್ ಅಥವಾ ತುವಾಸ್ ತಪಾಸಣಾ ಠಾಣೆಯಲ್ಲಿ ಮುಳ್ಳು ಅದಕ್ಕಿಂತ ಕೆಳಗಿದ್ದರೆ ದಂಡ. ಆಚೆ ದಡದಲ್ಲಿ ಪೆಟ್ರೋಲ್ ಅಗ್ಗ, ಎಲ್ಲರೂ ಅಲ್ಲೇ ತುಂಬಿಸಿಕೊಂಡು ಬಂದರೆ ಇಲ್ಲಿನ ತೆರಿಗೆ ಸೋರಿಹೋಗುತ್ತದೆ. ಮಲೇಷ್ಯಾವೂ ಬಿಗಿಯಾಗೇ ಇದೆ: ಸಬ್ಸಿಡಿಯ ರಾನ್ 95 ಪೆಟ್ರೋಲನ್ನು ಹೊರದೇಶದ ನಂಬರ್ ಪ್ಲೇಟಿಗೆ ಹಾಕುವಂತಿಲ್ಲ. ಒಬ್ಬರ ಮೇಲೆ ಒಬ್ಬರಿಗೆ ಅನುಮಾನ ಇದ್ದೇ ಇದೆ. ಆದರೆ ಆ ಅನುಮಾನಕ್ಕೆ ಅಳತೆ ಇದೆ, ಅದು ಎಲ್ಲರಿಗೂ ಮುಂಚೆಯೇ ಗೊತ್ತು. ಹೊರನಾಡಿನಲ್ಲಿ ಕೂತು ಭಾರತದ ಗಡಿಗಳ ಸುದ್ದಿ ಓದುವಾಗ ನನಗೆ ಕೊರತೆ ಅನಿಸುವುದು ಈ ಅಳತೆಯೇ.

ನೀರಿನ ವಿಷಯ ಇದಕ್ಕಿಂತ ಗಟ್ಟಿ. 1962ರ ಒಪ್ಪಂದದಂತೆ ಸಿಂಗಪುರ ಮಲೇಷ್ಯಾದ ಜೋಹೊರ್ ರಾಜ್ಯದ ಜೋಹೊರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ನೀರು ಎತ್ತಬಹುದು. ಸಾವಿರ ಗ್ಯಾಲನ್ನಿಗೆ 3 ಸೆನ್ (ಮಲೇಷ್ಯಾದ ರಿಂಗಿಟ್‌ನ ನೂರನೇ ಒಂದು ಪಾಲು ಒಂದು ಸೆನ್). ಶುದ್ಧೀಕರಿಸಿದ ನೀರಿನಲ್ಲಿ ಒಂದಿಷ್ಟನ್ನು 50 ಸೆನ್ನಿಗೆ ಜೋಹೊರ್‌ಗೆ ಮಾರಬೇಕು. ಅವಧಿ 2061ರವರೆಗೆ. 25 ವರ್ಷದ ನಂತರ, ಅಂದರೆ 1987ರಲ್ಲಿ, ದರ ಪರಿಷ್ಕರಿಸಲು ಅವಕಾಶ ಇತ್ತು. ಮಲೇಷ್ಯಾ ಆಗ ಕೇಳಲಿಲ್ಲ. ಈಗ ಕೇಳಿದರೆ ಸಿಂಗಪುರ ಆ ಗಡುವನ್ನೇ ತೋರಿಸುತ್ತದೆ. ನೀರಿನ ಒಪ್ಪಂದಗಳ ಖಾತರಿಯನ್ನು ಸಿಂಗಪುರ ಮಲೇಷ್ಯಾದಿಂದ ಬೇರೆಯಾದ 1965ರ ಕರಾರಿನೊಳಗೇ ಸೇರಿಸಿ, ಅದನ್ನು ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿಟ್ಟಿದ್ದಾರೆ. ಕೊಳಾಯಿ ಕತ್ತರಿಸುವುದೆಂದರೆ ದೇಶದ ಹುಟ್ಟುಪತ್ರವನ್ನೇ ಹರಿದಂತೆ. (1924ರ ಕಾವೇರಿ ಒಪ್ಪಂದ 50 ವರ್ಷಕ್ಕೆ ಮುಗಿಯಿತೋ ಇಲ್ಲವೋ ಎಂದು ದಶಕಗಳ ಕಾಲ ವಾದಿಸಿದ ನಮಗೆ ಇಂಥ ಒಂದು ಸಾಲಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.)

ಹಾಗೆಂದು ಸಿಂಗಪುರ ಕಾಗದವನ್ನು ನಂಬಿ ಮಲಗಲಿಲ್ಲ. 1942ರ ಜನವರಿ 31ರಂದು ಹಿಮ್ಮೆಟ್ಟುತ್ತಿದ್ದ ಬ್ರಿಟಿಷರು ಸಿಂಗಪುರವನ್ನು ಜೋಹೊರ್‌ಗೆ ಜೋಡಿಸುವ ಕಡಲ ಮೇಲಿನ ರಸ್ತೆ ಕಾಸ್‌ವೇಯನ್ನು ಸ್ಫೋಟಿಸಿದಾಗ ಅದರ ಜೊತೆಗಿದ್ದ ನೀರಿನ ಕೊಳವೆಯೂ ಹೋಯಿತು. ಆ ನೆನಪು ಇಲ್ಲಿ ಮಾಸಿಲ್ಲ. 2003ರಿಂದ ಕೊಳಚೆ ನೀರು ಶುದ್ಧೀಕರಿಸುವ ನ್ಯೂವಾಟರ್, 2005ರಿಂದ ಸಮುದ್ರದ ನೀರು ಸಿಹಿಗೊಳಿಸುವ ಘಟಕಗಳು; ಅಂಥವು ಈಗ ಐದಿವೆ.

ಎಲ್ಲವೂ ಸಲೀಸಾಗಿ ಆದದ್ದಲ್ಲ. ಸಿಂಗಪುರದ ನಡುವೆ ಹಾದುಹೋಗುತ್ತಿದ್ದ ಮಲೇಷ್ಯಾದ ರೈಲ್ವೆ ಜಮೀನಿನ ಬಗ್ಗೆ 1990ರಲ್ಲೇ ಸಹಿಯಾದರೂ ಅರ್ಥ ಯಾರದು ಸರಿ ಎಂಬ ಜಗಳ ಇಪ್ಪತ್ತು ವರ್ಷ ಎಳೆಯಿತು. 1998ರಿಂದ ಸಿಂಗಪುರದ ವಲಸೆ ತಪಾಸಣೆ ಗಡಿಯ ವುಡ್‌ಲ್ಯಾಂಡ್ಸ್‌ನಲ್ಲಿ, ಮಲೇಷ್ಯಾದ್ದು ಸಿಂಗಪುರ ನಗರದೊಳಗಿನ ತಂಜೊಂಗ್ ಪಗಾರ್ ನಿಲ್ದಾಣದಲ್ಲಿ. ಹೀಗಾಗಿ ಇನ್ನೂ ಸಿಂಗಪುರ ಬಿಡದ ಪ್ರಯಾಣಿಕ ದಾಖಲೆಯ ಪ್ರಕಾರ ಮಲೇಷ್ಯಾಕ್ಕೆ ಪ್ರವೇಶಿಸಿ ಆಗಿರುತ್ತಿತ್ತು! 2010ರಲ್ಲಿ ಬಿಡಿಸಿದ್ದು ಹೇಗೆ? ಮಲೇಷ್ಯಾ ಸರ್ಕಾರದ ಹೂಡಿಕೆ ಸಂಸ್ಥೆ ಖಜಾನಾಕ್ಕೆ ಶೇ. 60, ಸಿಂಗಪುರ ಸರ್ಕಾರದ ತೆಮಾಸೆಕ್‌ಗೆ ಶೇ. 40 ಪಾಲಿನ ಜಂಟಿ ಕಂಪನಿ ಮಾಡಿ, ರೈಲ್ವೆ ಜಮೀನಿಗೆ ಬದಲು ನಗರದ ಬೇರೆ ಜಾಗ ಕೊಟ್ಟು. 2011ರ ಜುಲೈ 1ರಿಂದ ರೈಲು ವುಡ್‌ಲ್ಯಾಂಡ್ಸ್‌ನಲ್ಲೇ ನಿಂತಿತು.

ಈಗ ಪೆಟ್ರಾಪೋಲ್ ನೋಡಿ. ಕೋಲ್ಕತ್ತದಿಂದ ಸುಮಾರು 80 ಕಿ.ಮೀ. ದೂರದ ಭೂಬಂದರು, ಆಚೆ ಬಾಂಗ್ಲಾದೇಶದ ಬೆನಾಪೋಲ್. ಭಾರತದ ಲಾರಿ ಬೆನಾಪೋಲ್‌ನ ಅಂಗಳದ ತನಕ ಹೋಗಿ ಸರಕು ಇಳಿಸಿ ಖಾಲಿ ವಾಪಸು ಬರಬೇಕು. ಅಲ್ಲಿಂದ ಮುಂದಕ್ಕೆ ಬಾಂಗ್ಲಾದ ಲಾರಿ. ಒಂದೇ ಮೂಟೆ ನಡುದಾರಿಯಲ್ಲಿ ಇಳಿದು ಮತ್ತೆ ಹತ್ತುತ್ತದೆ. ಆಚೆ ಗೋದಾಮು ತುಂಬಿದ್ದರೆ ಈಚೆ ಸಾಲು ಬೆಳೆಯುತ್ತದೆ, ಬಾಡಿಗೆ ಏರುತ್ತದೆ, ಹಸಿ ಸರಕು ಕೊಳೆಯುತ್ತದೆ. ಇದನ್ನು ತಪ್ಪಿಸಲೆಂದೇ 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಭಾರತ, ಬಾಂಗ್ಲಾ, ನೇಪಾಳ, ಭೂತಾನ್ ಈ ನಾಲ್ಕು ದೇಶಗಳು ಮೋಟಾರು ವಾಹನ ಒಪ್ಪಂದಕ್ಕೆ ಸಹಿ ಹಾಕಿದವು. ಭೂತಾನ್ ಅನುಮೋದಿಸಲಿಲ್ಲ. ಕಾಸ್‌ವೇ ಮೇಲೆ ಪರವಾನಗಿ ಇರುವ ಮಲೇಷ್ಯಾದ ಲಾರಿ ಸರಕಿನ ಸಮೇತ ಸಿಂಗಪುರದ ಒಳಕ್ಕೇ ಬರುತ್ತದೆ. ಅನುಮಾನ ಬಂದರೆ ಎಕ್ಸ್-ರೇ ಇದೆ, ಮೂಟೆ ಇಳಿಸಿ ಹತ್ತಿಸುವ ಗೋಜಿಲ್ಲ.

ಇಳಿಸಿ ಹತ್ತಿಸುವುದನ್ನಾದರೂ ವ್ಯಾಪಾರಿ ಲೆಕ್ಕ ಹಾಕಿಕೊಳ್ಳಬಹುದು. ಹಾಕಲಾಗದ್ದು ರಾತ್ರೋರಾತ್ರಿ ಬರುವ ಅಧಿಸೂಚನೆ. 2025ರ ಮಾರ್ಚ್ ಕೊನೆಯಲ್ಲಿ ಬಾಂಗ್ಲಾದ ಆಗಿನ ಮಧ್ಯಂತರ ಸರ್ಕಾರದ ಮುಖ್ಯಸ್ಥ ಮುಹಮ್ಮದ್ ಯೂನುಸ್ ಚೀನಾದಲ್ಲಿ ನಿಂತು ನಮ್ಮ ಈಶಾನ್ಯ ರಾಜ್ಯಗಳಿಗೆ ಕಡಲಿಲ್ಲ, ಆ ಭಾಗಕ್ಕೆ ಕಡಲ ಕಾವಲುಗಾರರು ತಾವೇ ಎಂಬರ್ಥದ ಮಾತಾಡಿದರು. ಸಿಲಿಗುರಿ ಬಳಿ ನಮ್ಮ ನೆಲ ಸುಮಾರು 22 ಕಿ.ಮೀ.ಗೆ ಕಿರಿದಾಗುವುದು ಗೊತ್ತಿದ್ದವರಿಗೆ ಅದು ಬರೀ ಭೂಗೋಳ ಪಾಠವಲ್ಲ. ಏಪ್ರಿಲ್ 8ಕ್ಕೆ ಭಾರತ, ಬಾಂಗ್ಲಾದ ಸರಕು ಭಾರತದ ಮೂಲಕ ಮೂರನೇ ದೇಶಕ್ಕೆ ಹೋಗುವ ಸೌಲಭ್ಯ ಹಿಂಪಡೆಯಿತು. ಕೊಟ್ಟ ಕಾರಣ ವಿಮಾನ ನಿಲ್ದಾಣ, ಬಂದರುಗಳ ದಟ್ಟಣೆ. ಏಪ್ರಿಲ್ 13ಕ್ಕೆ ಬಾಂಗ್ಲಾ ಭೂಬಂದರುಗಳ ಮೂಲಕ ನೂಲು ಆಮದು ನಿಲ್ಲಿಸಿತು. ಮೇ 17ಕ್ಕೆ ಭಾರತ, ಬಾಂಗ್ಲಾದ ಸಿದ್ಧ ಉಡುಪು ಇನ್ನು ಮುಂಬಯಿ ಬಳಿಯ ನ್ಹಾವಾ ಶೇವಾ, ಕೋಲ್ಕತ್ತ ಬಂದರುಗಳಿಂದ ಮಾತ್ರ ಬರಬೇಕೆಂದಿತು, ತಕ್ಷಣದಿಂದಲೇ. ಭದ್ರತೆಯ ಚಿಂತೆ ನಿಜವೇ ಇರಬಹುದು, ಆದರೆ ಅದರ ಬಿಲ್ ಹೋದದ್ದು ನೂಲಿನ ಗಿರಣಿಗೆ, ಲಾರಿ ಮಾಲೀಕನಿಗೆ.

ಸಿಂಗಪುರದ ಮಾದರಿ ಹಾಗೇ ನಮಗೆ ಹೊಂದುತ್ತದೆ ಎನ್ನಲಾರೆ. ಬಾಂಗ್ಲಾ ಜೊತೆಗಿನ 4096 ಕಿ.ಮೀ. ಗಡಿಯನ್ನು ಒಂದು ಕಿ.ಮೀ. ಕಾಸ್‌ವೇಯಂತೆ ಕಾಯಲಾಗದು. ಜೊತೆಗೆ ಪಾತ್ರವೂ ತಿರುಗುಮುರುಗು: ಬಾಂಗ್ಲಾದ ಎದುರು ನಾವು ದೊಡ್ಡವರು, ಅಂದರೆ ಮಲೇಷ್ಯಾದ ಜಾಗದಲ್ಲಿ. ಆ ಜಾಗದಿಂದ ಕಲಿಯುವುದಿದೆ. 2022ರ ಜೂನ್ 1ರಿಂದ ಮಲೇಷ್ಯಾ ಕೋಳಿ ರಫ್ತು ನಿಲ್ಲಿಸಿತು, ಮುನ್ಸೂಚನೆ ಒಂದು ವಾರದ್ದು. ಸಿಂಗಪುರದ ಕೋಳಿಯಲ್ಲಿ ಸುಮಾರು ಮೂರನೇ ಒಂದು ಪಾಲು ಅಲ್ಲಿಂದಲೇ ಬರುತ್ತಿತ್ತು. ಜೂನ್ ತಿಂಗಳು ಮುಗಿಯುವುದರೊಳಗೆ ಸಿಂಗಪುರ ಇಂಡೋನೇಷ್ಯಾಕ್ಕೆ ಅನುಮತಿ ಕೊಟ್ಟಿತ್ತು. ನೇಪಾಳವೂ ಮಾಡಿದ್ದು ಅದನ್ನೇ: 2015ರಲ್ಲಿ ಭಾರತ–ನೇಪಾಳ ಗಡಿಯ ರಕ್ಸೌಲ್–ಬೀರಗಂಜ್‌ನಲ್ಲಿ ಇಂಧನದ ಟ್ಯಾಂಕರುಗಳು ತಿಂಗಳುಗಟ್ಟಲೆ ನಿಂತ ಮೇಲೆ, 2016ರ ಮಾರ್ಚ್‌ನಲ್ಲಿ ಚೀನಾದ ಜೊತೆ ಸಾಗಣೆ ಒಪ್ಪಂದ. 2019ರಲ್ಲಿ ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿ.ಮೀ. ಡೀಸೆಲ್ ಕೊಳವೆ ಹಾಕಿ ಭಾರತ ಒಳ್ಳೆಯ ಕೆಲಸ ಮಾಡಿತು, ನಾಲ್ಕು ವರ್ಷ ತಡವಾಗಿ.

ಅಳತೆ ಬರೆದಿಡುವುದು ನಮಗೆ ಬಾರದ ವಿದ್ಯೆಯೇನಲ್ಲ. 1996ರ ಗಂಗಾ ಒಪ್ಪಂದ ನೋಡಿ: ಫರಕ್ಕಾದಲ್ಲಿ ಹರಿವು 70,000 ಕ್ಯುಸೆಕ್ ಅಥವಾ ಕಡಿಮೆ ಇದ್ದರೆ ಅರ್ಧ ಅರ್ಧ, 75,000ದವರೆಗೆ ಬಾಂಗ್ಲಾಕ್ಕೆ 35,000, ಉಳಿದದ್ದು ನಮಗೆ, ಅದಕ್ಕೂ ಮೇಲಾದರೆ ನಮಗೆ 40,000, ಉಳಿದದ್ದು ಅವರಿಗೆ. 50,000ಕ್ಕಿಂತ ಇಳಿದರೆ ತಕ್ಷಣ ಮಾತುಕತೆ. ಢಾಕಾದಲ್ಲಿ, ದೆಹಲಿಯಲ್ಲಿ ಎಷ್ಟೋ ಸರ್ಕಾರ ಬದಲಾದರೂ ಅದು ನಡೆದುಕೊಂಡು ಬಂತು. 30 ವರ್ಷದ ಆ ಒಪ್ಪಂದದ ಅವಧಿ 2026ರ ಡಿಸೆಂಬರ್‌ವರೆಗೆ. ನೂಲಿಗೂ ಉಡುಪಿಗೂ ಇಂಥದೊಂದು ಕೋಷ್ಟಕ, ಕಟ್ಟಳೆ ಬದಲಿಸುವ ಮುನ್ನ ಇಂತಿಷ್ಟು ದಿನದ ಮುನ್ಸೂಚನೆ, ದಾರಿಯಲ್ಲಿರುವ ಸರಕಿಗೆ ವಿನಾಯಿತಿ: ಇಷ್ಟನ್ನು ನದಿಯ ಮಾತುಕತೆಯ ಮೇಜಿನ ಮೇಲೆಯೇ ಇಡಬಹುದು.